ಕೊಡೆಯವಳ ಹಗಲುದೀಪ

ಆ ಊರಿಗೆ ಹೆಸರಿತ್ತೋ ಇಲ್ಲವೋ, ಕೇಳಿದವರಿಲ್ಲ. ಆದರೆ ಅಲ್ಲೊಂದು ಕಟ್ಟಳೆ ಇತ್ತು, ಅದನ್ನು ಮಾತ್ರ ಎಲ್ಲರೂ ಬಲ್ಲರು. ಸಾಲ ತೆಗೆದುಕೊಂಡವರ ಸೊಂಟಕ್ಕೆ ಸಾಲ ಕೊಟ್ಟವರು ಒಂದು ಕಲ್ಲು ಕಟ್ಟಬೇಕು. ತೀರಿಸಿದ ದಿನ ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಅಲ್ಲಿಯವರೆಗೆ ಉಣ್ಣುವಾಗಲೂ ಕಲ್ಲು, ಮಲಗುವಾಗಲೂ ಕಲ್ಲು, ಮದುವೆ ಮನೆಗೆ ಹೋದರೆ ರೇಷ್ಮೆ ಸೀರೆಯ ಮೇಲೂ ಕಲ್ಲು. ಆ ಕಲ್ಲುಗಳು ಬೆಳೆಯುತ್ತಿದ್ದವು ಬೇರೆ. ಕಟ್ಟಿದ ದಿನ ನಿಂಬೆಹಣ್ಣಿನಷ್ಟಿದ್ದದ್ದು ಹಬ್ಬದಿಂದ ಹಬ್ಬಕ್ಕೆ ಮಾವಿನಕಾಯಿಯಷ್ಟಾಗಿ, ತೆಂಗಿನಕಾಯಿಯಷ್ಟಾಗಿ, ಕೊನೆಗೆ ಕುಂಬಳಕಾಯಿಯಷ್ಟಾಗುತ್ತಿತ್ತು. ಇದನ್ನು ಅವರು ಬಡ್ಡಿ ಎನ್ನುತ್ತಿದ್ದರು.

ಹೊತ್ತವರು ಸೋತರೆ ಕಲ್ಲಿನ ಧಣಿಗಳು ಹಾರೆ ಹಿಡಿದು ಬರುತ್ತಿದ್ದರು. ಬಂದು ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಒಯ್ಯುತ್ತಿದ್ದರು. ಬಾಗಿಲಿಲ್ಲದ ಮನೆಯನ್ನು ಆ ಊರಿನಲ್ಲಿ ಮನೆ ಎಂದು ಕರೆಯುತ್ತಿರಲಿಲ್ಲ, ದಾರಿ ಎಂದು ಕರೆಯುತ್ತಿದ್ದರು. ನಾಯಿ, ದನ, ಜನ, ಯಾರು ಬೇಕಾದರೂ ಅದರೊಳಗೆ ಹಾದುಹೋಗಬಹುದಿತ್ತು. ಒಳಗಿದ್ದವರು ಮೂಲೆಯಲ್ಲಿ ಕೂತು ನೋಡಬೇಕಾಗಿತ್ತು.

ಅಲ್ಲಿಯ ಬಿದಿರಿನ ಬೀದಿಯಲ್ಲಿ ಒಬ್ಬಳು ಕೊಡೆಯವಳಿದ್ದಳು. ಬಿದಿರುಕಡ್ಡಿ ಸೀಳಿ, ಓಲೆ ಹೊಲಿದು, ಮಳೆಗೂ ಬಿಸಿಲಿಗೂ ಕೊಡೆ ಮಾಡುವುದು ಅವಳ ಕಸುಬು. ಅವಳ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಬುಟ್ಟಿಯವಳದು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು, ಒಂದೇ ಬಿದಿರಿನ ಗಾಡಿಯಿಂದ ಗಳ ಇಳಿಸಿಕೊಂಡವರು. ಕೊಡೆಯವಳು ಸ್ವಲ್ಪ ಹಿರಿಯಳಾದ್ದರಿಂದ ಬುಟ್ಟಿಯವಳು ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಅಕ್ಕನಿಗೆ ಮಾತ್ರ ತಂಗಿಯನ್ನು ಕಂಡರೆ ಹೊಟ್ಟೆಯುರಿ.

ಸಣ್ಣಪುಟ್ಟ ಹೊಟ್ಟೆಯುರಿಯಲ್ಲ, ಮನೆ ನಡೆಸುವಂಥ ಹೊಟ್ಟೆಯುರಿ. ಬುಟ್ಟಿಯವಳ ಬಚ್ಚಲಿಗೆ ಹಿತ್ತಾಳೆ ಹಂಡೆ ಬಂದರೆ ಕೊಡೆಯವಳು ತಾಮ್ರದ ಹಂಡೆ ತಂದಳು, ಸೊಂಟಕ್ಕೊಂದು ಕಲ್ಲು ಬಂತು. ಬುಟ್ಟಿಯವಳ ಹೊಸ್ತಿಲಿಗೆ ಹಸಿರು ಬಣ್ಣ ಬಿದ್ದರೆ ಕೊಡೆಯವಳ ಹೊಸ್ತಿಲಿಗೆ ಹಿತ್ತಾಳೆ ತಗಡು ಬಿತ್ತು, ಇನ್ನೊಂದು ಕಲ್ಲು ಬಂತು. ಬುಟ್ಟಿಯವಳು ಕಾಯಿಲೆಯ ಗಂಡನಿಗೆಂದು ಹಗ್ಗದ ಉಯ್ಯಾಲೆ ಕಟ್ಟಿದಳು. ಕೊಡೆಯವಳ ಗಂಡ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದ, ಆದರೂ ಅವಳು ಹಿತ್ತಾಳೆ ಸರಪಳಿಯ ತೂಗುಮಂಚ ತರಿಸಿದಳು. ಆಗ ಬಂದ ಕಲ್ಲು ಎಲ್ಲಕ್ಕಿಂತ ದೊಡ್ಡದು. ಅದನ್ನು ಕಟ್ಟಿಕೊಂಡು ಮಂಚ ಹತ್ತಿ ಕೂರಲಿಕ್ಕೇ ಅವಳಿಗೆ ಆಗುತ್ತಿರಲಿಲ್ಲ.

ಬುಟ್ಟಿಯವಳ ಸೊಂಟದಲ್ಲೂ ಕಲ್ಲುಗಳಿದ್ದವು. ಗಂಡನ ಔಷಧಿಗೊಂದು, ಪಥ್ಯಕ್ಕೊಂದು. ಅವುಗಳ ನಡುವೆ ಕಪ್ಪು ದಾರದಲ್ಲಿ ಕಟ್ಟಿದ ಇನ್ನೊಂದು ಕಲ್ಲಿತ್ತು. ಅದು ಕೊಡೆಯವಳು ಕಟ್ಟಿದ್ದು. ಬಹಳ ಹಿಂದೆ ಬುಟ್ಟಿಯವಳ ಮಗಳಿಗೆ ಜ್ವರ ಏರಿದಾಗ ಕೊಡೆಯವಳು ಕೈಗಡ ಕೊಟ್ಟು, ಕಟ್ಟಳೆಯಂತೆ ಕಟ್ಟಿದ್ದಳು. ಯಾವಾಗಲಾದರೂ ಮನಸ್ಸು ಕೆಟ್ಟರೆ ಅವಳು ಜಗಲಿಗೆ ಬಂದು ನಿಲ್ಲುತ್ತಿದ್ದಳು. ಬಾವಿಗೆ ಹೋಗುವ ಬುಟ್ಟಿಯವಳ ಸೊಂಟದಲ್ಲಿ ಕಪ್ಪು ದಾರದ ಆ ಕಲ್ಲು ತೂಗುವುದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬುಟ್ಟಿಯವಳು ತನ್ನ ಮನೆಯ ಮುಂದೆ ದೀಪ ಹಚ್ಚಿದಳು.

ಆ ಊರಿನಲ್ಲಿ ನಡುಹಗಲು ದೀಪ ಹಚ್ಚುವುದೆಂದರೆ ದಿವಾಳಿ ಹೇಳಿಕೊಳ್ಳುವುದು. ಅದನ್ನು ಯಾರಿಗೆ ಬೇಕೋ ಅವರು ಹಚ್ಚುವಂತಿಲ್ಲ, ದೀಪದ ವಕೀಲರೇ ಬರಬೇಕು. ಬಿದಿರಿನ ಬೀದಿಯ ತುದಿಯಲ್ಲಿ ಒಬ್ಬ ದೀಪದ ವಕೀಲನಿದ್ದ. ಸದಾ ಎಲೆಅಡಿಕೆ ಜಗಿಯುವವನು, ಮುಂಗೋಪಿ, ಸಂಭಾವನೆ ಮೊದಲು ಇಸಿದುಕೊಂಡೇ ಬಾಯಿ ಬಿಡುವವನು. ಅವನು ಬಂದು ಚಾಪೆ ಹಾಸಿಸಿದ. ಬುಟ್ಟಿಯವಳು ಮನೆಯಲ್ಲಿದ್ದದ್ದನ್ನೆಲ್ಲ ತಂದು ಚಾಪೆಯ ಮೇಲಿಟ್ಟಳು. ಹಂಡೆ ಇಟ್ಟಳು, ಉಯ್ಯಾಲೆ ಬಿಚ್ಚಿ ಇಟ್ಟಳು, ಮೊರ ಇಟ್ಟಳು, ಮೂಗುಬೊಟ್ಟು ಇಟ್ಟಳು. ವಕೀಲ ಮಣ್ಣಿನ ಹಣತೆಗೆ ಎಣ್ಣೆ ಎರೆದು ಗಟ್ಟಿಯಾಗಿ ಕೇಳಿದ.

"ಇರುವುದು ಇಷ್ಟೇನಾ?"

"ಇರುವುದು ಇಷ್ಟು. ಮುಚ್ಚಿಟ್ಟದ್ದು ಇಲ್ಲ. ಹೊತ್ತದ್ದು ಸಾಕು," ಎಂದಳು ಬುಟ್ಟಿಯವಳು.

ದೀಪ ಹತ್ತಿತು. ನಡುಬಿಸಿಲಿನಲ್ಲಿ ಆ ಬೆಳಕು ಕಣ್ಣಿಗೆ ಕಾಣುವಂತಿರಲಿಲ್ಲ, ಹೊಗೆ ಮಾತ್ರ ಕಾಣುತ್ತಿತ್ತು. ಆ ಹೊಗೆ ಬಾಗಿಲ ಮೇಲೆ ಕಪ್ಪನೆ ಕರೆ ಹಿಡಿಸುತ್ತಿದ್ದಂತೆ ಬುಟ್ಟಿಯವಳ ಸೊಂಟದ ಕಲ್ಲುಗಳು ಒಂದೊಂದೇ ಕಳಚಿ ಬಿದ್ದವು. ಧಣಿಗಳು ಚಾಪೆಯ ಮೇಲಿನ ಸಾಮಾನು ಹಂಚಿಕೊಂಡು, ತಮ್ಮ ತಮ್ಮ ಕಲ್ಲನ್ನು ಎತ್ತಿಕೊಂಡು, ಊರಾಚೆಯ ಹೊಂಡಕ್ಕೆ ಹೋದರು. "ಕಟ್ಟಿದ್ದೆ, ಬಿಟ್ಟೆ" ಎಂದು ಹೇಳಿ ಎಸೆದು ಬರುವುದು ಪದ್ಧತಿ. ಕೊಡೆಯವಳ ಪಾಲಿಗೆ ಮೊರ ಬಂತು. ಅವಳೂ ಇನ್ನೂ ತೆಂಗಿನಕಾಯಿಯಷ್ಟೇ ಇದ್ದ ಕಪ್ಪು ದಾರದ ಕಲ್ಲನ್ನು ಮಡಿಲಿಗೆ ಹಾಕಿಕೊಂಡು ಹೊಂಡದ ದಂಡೆಗೆ ಹೋದಳು. "ಕಟ್ಟಿದ್ದೆ" ಎಂದಳು. ಮುಂದಿನ ಮಾತು ಬಾಯಿಂದ ಬರಲಿಲ್ಲ. ಕಲ್ಲನ್ನು ಮಡಿಲಲ್ಲೇ ಇಟ್ಟುಕೊಂಡು ಮನೆಗೆ ಬಂದು, ಮೂರು ಕಲ್ಲಿನ ಒಲೆಯಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ಅದನ್ನು ಇಟ್ಟು ಬೂದಿ ಮೆತ್ತಿದಳು.

ಬುಟ್ಟಿಯವಳಿಗೆ ಅದು ಗೊತ್ತಿರಲಿಲ್ಲ, ಹೊಂಡಕ್ಕೆ ಹಾಕಿದೆ ಎಂದೇ ಕೊಡೆಯವಳು ಅವಳಿಗೆ ಹೇಳಿದ್ದಳು. ಅವಳು ಮರುದಿನ ಬಾವಿಗೆ ಹೊರಟಾಗ ಹೊಸ ಸೊಸೆಯ ಹಾಗೆ ನಡೆದಳು. ಖಾಲಿ ಸೊಂಟ, ಖಾಲಿ ಮೂಗು, ಬಾಯಲ್ಲಿ ಏನೋ ಹಾಡು. ಕೊಡೆಯವಳಿಗೆ ತಡೆಯಲಾಗಲಿಲ್ಲ.

"ನಾಚಿಕೆ ಆಗಲ್ವೇನೇ ನಿಂಗೆ? ಬೀದಿ ತುಂಬ ಪಾತ್ರೆ ಹರಡ್ಕೊಂಡು ಕೂತಿದ್ಯಲ್ಲ."

"ಆಯ್ತಕ್ಕಾ. ಕೂತಾಗ ಆಯ್ತು. ಎದ್ಮೇಲೆ ಆಗ್ಲಿಲ್ಲ," ಎಂದು ಬುಟ್ಟಿಯವಳು ಕೊಡ ತುಂಬಿಕೊಂಡು ಹೋದಳು.

ಆ ಹೋಗುವ ರೀತಿ ಇದೆಯಲ್ಲ, ಅದನ್ನು ಕೊಡೆಯವಳು ಸಹಿಸಲಾರದೆ ಹೋದಳು. ಹಂಡೆಯನ್ನು ಮೀರಿಸಬಹುದು, ಉಯ್ಯಾಲೆಯನ್ನು ಮೀರಿಸಬಹುದು, ನಡಿಗೆಯನ್ನು ಎಲ್ಲಿಂದ ಕೊಂಡು ತರುವುದು? ಅನ್ನ ರುಚಿಸಲಿಲ್ಲ. ರುಚಿಸುವುದಿರಲಿ, ಬೇಯುವುದೇ ನಿಂತಿತ್ತು. ಕಪ್ಪು ದಾರದ ಕಲ್ಲು ಒಲೆಯಲ್ಲೂ ಬೆಳೆಯುತ್ತಿತ್ತೋ ಏನೋ, ಪಾತ್ರೆ ಒಂದು ಕಡೆಗೆ ವಾಲಿ ಅರ್ಧ ಅನ್ನ ಬೆಂದರೆ ಅರ್ಧ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಗಂಡ ಅಕ್ಕಿ ಅಗಿಯುತ್ತಾ ಉಣ್ಣುತ್ತಿದ್ದ.

ಅಷ್ಟರಲ್ಲಿ ಧಣಿಗಳು ಬಾಗಿಲು ಬಡಿಯತೊಡಗಿದರು. ಬೆಳಗಾದರೆ ಬಡಿತ, ಸಂಜೆಯಾದರೆ ಬಡಿತ. ಮುಂದಿನ ಅಮಾವಾಸ್ಯೆಗೆ ಹಾರೆ ತರುತ್ತೇವೆ ಎಂದು ಬೀದಿಯೆಲ್ಲ ಕೇಳುವಂತೆ ಹೇಳಿಹೋದರು. ಹಿತ್ತಾಳೆ ತಗಡು ಹೊಡೆದ ಹೊಸ್ತಿಲು, ಮಾವನ ಕಾಲದ ಬಾಗಿಲು, ಎಲ್ಲ ಹೋಗಿ ಮನೆಯೇ ದಾರಿಯಾಗಿಬಿಡುತ್ತದೆ. ಬುಟ್ಟಿಯವಳ ಬಾಗಿಲಾದರೆ ಕರೆ ಹಿಡಿದರೂ ನೆಟ್ಟಗೆ ನಿಂತಿದೆ. ಕೊಡೆಯವಳು ದೀಪ ಹಚ್ಚುವ ನಿರ್ಧಾರ ಮಾಡಿದಳು.

"ಸರಿ, ಬೀದಿ ತುದೀಲೇ ವಕೀಲರಿದಾರಲ್ಲ," ಎಂದ ಗಂಡ. "ನಮ್ಮ ಬಾಗಿಲು, ನಮ್ಮ ಗಾಳಿ ಎಲ್ಲ ಬಲ್ಲೋರು. ಹೋಗಿ ಕೇಳ್ಕೊಂಡು ಬಾ."

"ಅವಳ ದೀಪಕ್ಕೆ ಎಣ್ಣೆ ಹಾಕಿದ ಕೈ ನನ್ನ ದೀಪಕ್ಕೆ ಬೇಡ."

"ದಿವಾಳೀಲೂ ಪೈಪೋಟಿನೇನೇ?"

"ಅವಳದು ಮಣ್ಣಿನ ಹಣತೆ ತಾನೇ? ನಂದು ಬೆಳ್ಳೀದಾಗ್ಲಿ. ನೋಡೋರು ನೋಡ್ಲಿ."

ದೂರದ ದೊಡ್ಡ ಪೇಟೆಯಲ್ಲಿ ಬೆಳ್ಳಿ ದೀಪದ ವಕೀಲನೊಬ್ಬನಿದ್ದ. ಅವನ ಸಂಭಾವನೆಗೆಂದು ಕೊಡೆಯವಳು ಇನ್ನೊಂದು ಸಾಲ ಮಾಡಿ ಇನ್ನೊಂದು ಕಲ್ಲು ಕಟ್ಟಿಸಿಕೊಂಡಳು. ಹಾಗೇ ತೂಗುಮಂಚ ಚಾಪೆಯ ಮೇಲೆ ಬಂದರೆ ಬುಟ್ಟಿಯವಳ ಕಣ್ಣೆದುರೇ ಹೋಗುತ್ತದಲ್ಲ ಎಂದು ಅದನ್ನು ಸದ್ದಿಲ್ಲದೆ ತನ್ನ ಒಡಹುಟ್ಟಿದ ತಂಗಿಯ ಮನೆಗೆ ಸಾಗಿಸಿದಳು. ಬೆಳ್ಳಿ ವಕೀಲ ಪಲ್ಲಕ್ಕಿಯಲ್ಲಿ ಬಂದ. ಮಾತು ಜೇನಿನಂತಿತ್ತು. ಬಾಗಿಲಿನ ಬಲಕ್ಕೆ ಎತ್ತರದ ಪೀಠದ ಮೇಲೆ ಬೆಳ್ಳಿ ದೀಪ ಇಟ್ಟು ಹಚ್ಚಿದ. ಆದರೆ ಬಿದಿರಿನ ಬೀದಿಯಲ್ಲಿ ನಡುಹಗಲಾದರೆ ಬಣ್ಣಗಾರರ ಓಣಿಯಿಂದ ಒಂದು ಗಾಳಿ ತಿರುಗಿಕೊಂಡು ಬರುತ್ತದೆ. ಅದು ಬಲಗಡೆಯಿಂದಲೇ ಬರುತ್ತದೆಂದು ಆ ಬೀದಿಯ ಕೋಳಿಗಳಿಗೂ ಗೊತ್ತು, ಬಿಸಿಲೇರಿದರೆ ಅವು ಎಡಕ್ಕೆ ಸರಿದು ಮಲಗುತ್ತವೆ. ಗಾಳಿ ಬಂತು, ಬೆಳ್ಳಿ ದೀಪ ಆರಿತು, ಕಲ್ಲುಗಳು ಇದ್ದಲ್ಲೇ ಉಳಿದವು.

"ನಿಮ್ಮ ಬೀದಿ ನನಗೆ ಹೊಸದು ತಾಯೀ," ಎಂದು ವಕೀಲ ಪಲ್ಲಕ್ಕಿ ಹತ್ತಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಮ್ಮೆ ಆರಿದರೆ ಇನ್ನೊಮ್ಮೆ ಹಚ್ಚಬಹುದು, ಎರಡನೆಯ ಸಲ ಆರಿದರೆ ಅಲ್ಲೇ ಹಾರೆ, ಇದು ಕಟ್ಟಳೆ. ಧಣಿಗಳು ಅಮಾವಾಸ್ಯೆಯನ್ನು ಬೆರಳಲ್ಲಿ ಎಣಿಸುತ್ತಾ ಹೋದರು.

ಕೊಡೆಯವಳು ಬೇರೆ ದಾರಿ ಕಾಣದೆ ಬೀದಿಯ ತುದಿಗೆ ನಡೆದಳು. ಎಷ್ಟೋ ವರ್ಷ ಹಾದುಹೋದ ಮನೆ, ಒಂದು ಸಲವೂ ಮೆಟ್ಟಿಲು ಹತ್ತಿರಲಿಲ್ಲ. ವಕೀಲ ಎಲೆಗೆ ಸುಣ್ಣ ಸವರುತ್ತಿದ್ದ.

"ಬಂದ್ಯೇನಮ್ಮಾ? ಪಲ್ಲಕ್ಕಿ ಹೋಯ್ತೋ?"

"ಹೋಯ್ತು ವಕೀಲ್ರೇ. ಬಾಗಿಲು ಉಳಿಸಿಕೊಡಿ."

"ಮೊದ್ಲು ಸಂಭಾವನೆ."

ಅವಳು ತಾನೇ ಹೊಲಿದ ಒಳ್ಳೆಯ ಕೊಡೆಯೊಂದನ್ನು ಮುಂದಿಟ್ಟಳು. ವಕೀಲ ಅದನ್ನು ಬಿಚ್ಚಿ, ಮಡಚಿ, ಕಡ್ಡಿಗಳನ್ನು ಬಗ್ಗಿಸಿ ನೋಡಿ ಪಕ್ಕಕ್ಕಿಟ್ಟುಕೊಂಡ. ಆಮೇಲೆ ಹೇಳತೊಡಗಿದ.

"ಕೇಳು. ದೀಪದಲ್ಲಿ ಎರಡು ಥರ. ದುಡಿಮೆ ಗಟ್ಟಿಯಾಗಿದ್ದು, ಇರೋ ಸಾಮಾನು ಬಿಡೋಕೆ ಮನಸ್ಸಿಲ್ದೋರಿಗೆ ಉದ್ದ ಬತ್ತಿ. ತಿಂಗಳು ತಿಂಗಳು ಧಣಿಗಳಿಗೆ ಇಷ್ಟಿಷ್ಟು ಅಂತ ಎರೀತಾ ಹೋಗ್ಬೇಕು, ವರ್ಷಗಟ್ಟಲೆ. ನಿನ್ನ ದುಡಿಮೆ ಅದಕ್ಕೆ ಸಾಲ್ದು. ನಿಂಗೆ ಗಿಡ್ಡ ಬತ್ತಿ. ಇರೋದನ್ನ ಚಾಪೆ ಮೇಲೆ ಇಡು, ಎದ್ದು ಹೋಗು."

"ಎಲ್ಲಾನೂ ಇಡ್ಬೇಕಾ? ನನ್ನ ಸೂಜಿ, ಕತ್ತಿ?"

"ಕಸುಬಿನ ಸಾಮಾನು ನಿಂದೇ. ಹಾಸಿಗೆ ನಿಂದು, ಒಲೆ ನಿಂದು, ಬಾಗಿಲು ನಿಂದು. ದೀಪ ಹತ್ತಿದ ಮೇಲೆ ಯಾವ ಧಣಿಯೂ ಬಾಗಿಲು ಬಡಿಯೋ ಹಾಗಿಲ್ಲ. ಆದ್ರೆ ಎಲ್ಲ ಕಲ್ಲೂ ಬೀಳತ್ತೆ ಅಂದ್ಕೋಬೇಡ. ಊರಿನ ಕಂದಾಯದ ಕಲ್ಲು ಬೀಳಲ್ಲ. ಬಿಟ್ಟುಬಂದ ಮಕ್ಕಳ ಊಟದ ಕಲ್ಲು ಬೀಳಲ್ಲ. ಸುಳ್ಳು ಹೇಳಿ ಕಟ್ಟಿಸ್ಕೊಂಡ ಕಲ್ಲು ಬೀಳಲ್ಲ. ಬೆಳ್ಳಿ ದೀಪಕ್ಕೆ ಅಂತ ಮೊನ್ನೆ ಒಂದು ಕಟ್ಟಿಸ್ಕೊಂಡ್ಯಲ್ಲ, ತೀರಿಸೋದೇ ಇಲ್ಲ ಅಂತ ಗೊತ್ತಿದ್ದೂ ತಗೊಂಡದ್ದು, ಅದೂ ಬೀಳಲ್ಲ. ಅದನ್ನ ಕೊಡೆ ಮಾರಿ ತೀರಿಸು."

ಕೊಡೆಯವಳು ತಲೆ ತಗ್ಗಿಸಿದಳು.

"ಇನ್ನು ಆ ತೂಗುಮಂಚ."

"ಯಾವ ತೂಗುಮಂಚ?"

"ನಿನ್ನ ತಂಗಿ ಹಜಾರದಲ್ಲಿ ಇರೋದು. ನಾನು ಈ ಬೀದಿ ಗಾಳಿ ಕುಡ್ಕೊಂಡೇ ಮುದುಕ ಆಗಿರೋದಮ್ಮಾ. ಬೆಳ್ಳಿ ದೀಪ ಆರಿದ್ದಕ್ಕೆ ಗಾಳಿ ಅರ್ಧ ಕಾರಣ, ಮಂಚ ಅರ್ಧ. ಬಚ್ಚಿಟ್ಟದ್ದು ಇದ್ರೆ ಯಾವ ದೀಪವೂ ನಿಲ್ಲಲ್ಲ. ವಾಪಸ್ ತರ್ಸು. ಬಾಗಿಲ ಮೇಲೆ ಕರೆ ಹಿಡಿಯತ್ತೆ, ವರ್ಷಗಟ್ಟಲೆ ಮಾಸಲ್ಲ, ಅದನ್ನ ನೋಡಿ ಯಾರೂ ನಿಂಗೆ ಸಾಲ ಕೊಡಲ್ಲ. ನಿಂಗಂತೂ ಅದು ಒಳ್ಳೇದೇ. ಬೇರೆ ಏನಾದ್ರೂ ಬಚ್ಚಿಟ್ಟಿದ್ದೀಯಾ?"

"ಇಲ್ಲ," ಎಂದಳು ಕೊಡೆಯವಳು.

ಅಮಾವಾಸ್ಯೆಯ ಮಧ್ಯಾಹ್ನ ಚಾಪೆ ಹಾಸಿದ್ದಾಯಿತು. ತಾಮ್ರದ ಹಂಡೆ ಬಂತು, ಹೊಸ್ತಿಲ ತಗಡು ಕಿತ್ತು ಬಂತು, ತೂಗುಮಂಚ ಗಾಡಿಯಲ್ಲಿ ಬಂತು. ಬೀದಿಯ ಜನ ನೋಡಿದರು. ಬುಟ್ಟಿಯವಳೂ ತನ್ನ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಮಂಚ ಇಳಿಸುವಾಗ ಅವಳ ಕಣ್ಣಿಗೆ ಬೀಳುತ್ತದಲ್ಲ ಎಂದು ಕೊಡೆಯವಳ ಮೈ ಉರಿಯಿತು. ಧಣಿಗಳು ಹಾರೆಗಳನ್ನು ಗೋಡೆಗೆ ಒರಗಿಸಿ ಕೂತಿದ್ದರು. ವಕೀಲ ಹಣತೆಯನ್ನು ಬಾಗಿಲಿನ ಎಡಕ್ಕೆ, ನೆಲದ ಮೇಲೆ ಇಟ್ಟ. ಒಳಗಿಂದ ಒಂದು ಮೊರ ತರಿಸಿ ಗಾಳಿಗೆ ಅಡ್ಡ ನಿಲ್ಲಿಸಿದ. ಅದು ಬುಟ್ಟಿಯವಳ ಚಾಪೆಯಿಂದ ಬಂದ ಮೊರವೇ.

"ಇರುವುದು ಇಷ್ಟೇನಾ?"

"ಇರುವುದು ಇಷ್ಟು. ಮುಚ್ಚಿಟ್ಟದ್ದು ಇಲ್ಲ. ಹೊತ್ತದ್ದು ಸಾಕು."

ದೀಪ ಹತ್ತಿತು. ಗಾಳಿ ಬಂತು, ಮೊರ ತಡೆಯಿತು. ಆದರೂ ಕುಡಿ ನೆಟ್ಟಗೆ ನಿಲ್ಲಲಿಲ್ಲ. ಅಡುಗೆಮನೆಯ ಕಡೆಗೆ ಬಾಗಿತು, ಸಣ್ಣಗಾಯಿತು, ನೀಲಿಯಾಯಿತು. ಧಣಿಯೊಬ್ಬ ಎದ್ದು ಹಾರೆಗೆ ಕೈ ಹಾಕಿದ.

"ಇನ್ನೂ ಏನೋ ಒಳಗಿದೆ," ಎಂದ ವಕೀಲ ಮೆಲ್ಲಗೆ. "ಆರೋಕೆ ಮುಂಚೆ ಹೇಳಮ್ಮಾ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಕೊಡೆಯವಳು ಕುಡಿಯನ್ನು ನೋಡಿದಳು, ಹಾರೆಯನ್ನು ನೋಡಿದಳು, ಮಾವನ ಕಾಲದ ಬಾಗಿಲನ್ನು ನೋಡಿದಳು. ಬುಟ್ಟಿಯವಳನ್ನು ಮಾತ್ರ ನೋಡಲಿಲ್ಲ. "ಒಲೇಲಿ ಒಂದು ಕಲ್ಲಿದೆ," ಎಂದಳು. ಗಂಡ ಒಳಗೆ ಓಡಿದ. ಬಗ್ಗಿ ಎಳೆದ, ಬರಲಿಲ್ಲ. ಅವಳೂ ಹೋಗಿ ಎಳೆದಳು. ಕಲ್ಲು ಕುಂಬಳಕಾಯಿಯಷ್ಟಾಗಿತ್ತು. ಸೊಂಟದಲ್ಲಿ ಕಲ್ಲಿದ್ದವರು ಬಗ್ಗಿ ಅಷ್ಟು ದೊಡ್ಡ ಇನ್ನೊಂದು ಕಲ್ಲನ್ನು ಎತ್ತಲಾರರು, ಆ ಊರಿನಲ್ಲಿ ಇದು ಮಗುವಿಗೂ ಗೊತ್ತಿದ್ದ ಸಂಗತಿ. ಗಂಡನ ಸೊಂಟದಲ್ಲೂ ಊರಿನ ಕಂದಾಯದ ಕಲ್ಲೊಂದಿತ್ತು. ಧಣಿಗಳ ಸೊಂಟ ಖಾಲಿ, ಆದರೆ ಅವರು ಎತ್ತಲಿಕ್ಕೆ ಬಂದವರಲ್ಲ. ಬೀದಿಯಲ್ಲಿ ಖಾಲಿ ಸೊಂಟದವಳು ಇನ್ನೊಬ್ಬಳೇ ಇದ್ದಳು.

ಕೊಡೆಯವಳು ಬಾಗಿಲಿಗೆ ಬಂದು ನಿಂತಳು. ಮನೆ ದಾರಿಯಾದರೂ ಆಗಲಿ, ಇವಳನ್ನು ಕರೆಯುವುದು ಬೇಡ ಎನ್ನಿಸಿದ್ದೂ ಉಂಟು. ಕುಡಿ ಅಕ್ಕಿಕಾಳಿನಷ್ಟಾಗಿತ್ತು.

"ಬಾರೇ," ಎಂದಳು.

ಬುಟ್ಟಿಯವಳು ಬಂದಳು. ಒಲೆಯ ಮುಂದೆ ಕೂತು ಬೂದಿ ಕೆದಕಿದಾಗ ಅರ್ಧ ಸುಟ್ಟ ಕಪ್ಪು ದಾರ ಕೈಗೆ ಹತ್ತಿತು.

"ಇದು ನಂದಲ್ವೇನಕ್ಕಾ?"

"ನಿಂದೇ."

"ಹೊಂಡಕ್ಕೆ ಹಾಕಿದೆ ಅಂದ್ಯಲ್ಲ."

"ನೀನು ಹಗುರಾಗಿ ಓಡಾಡೋದನ್ನ ನಂಗೆ ನೋಡಕ್ಕಾಗ್ಲಿಲ್ಲ ಕಣೇ. ಅಷ್ಟೇ. ಬೇರೆ ಏನೂ ಕಾರಣ ಇಲ್ಲ."

ಬುಟ್ಟಿಯವಳ ಮುಖ ಕೆಂಪಾಯಿತು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡಳು ಕೊಡೆಯವಳು. ಹೋಗಿದ್ದರೆ ತಪ್ಪೂ ಇರಲಿಲ್ಲ.

"ಉಳಿದ ಕಲ್ಲೆಲ್ಲ ಭಾರ ಆಗಿತ್ತು ನಂಗೆ," ಎಂದಳು ಬುಟ್ಟಿಯವಳು. "ಇದೊಂದು ಆಗಿರ್ಲಿಲ್ಲ. ಅವತ್ತು ನೀನು ಕೊಡದೆ ಇದ್ದಿದ್ರೆ ಮಗಳು ಉಳೀತಿರ್ಲಿಲ್ಲ. ಬಾವಿಗೆ ಹೋಗ್ತಾ ಇದು ತೊಡೆಗೆ ತಾಗಿದಾಗೆಲ್ಲ, ಅಕ್ಕ ಪಕ್ಕದಲ್ಲೇ ಇದಾಳೆ ಅಂತ ಧೈರ್ಯ ಆಗೋದು."

ಕೊಡೆಯವಳು ಅರ್ಧ ಸುಟ್ಟ ಆ ದಾರವನ್ನು ನೋಡಿದಳು. ಇಷ್ಟು ವರ್ಷ ಜಗಲಿಯಲ್ಲಿ ನಿಂತು ತಾನು ನೋಡಿ ತಣ್ಣಗಾದದ್ದು ಏನನ್ನು? ಅದಕ್ಕೆ ಉತ್ತರ ಹುಡುಕುವಷ್ಟು ಹೊತ್ತಿರಲಿಲ್ಲ. ಬುಟ್ಟಿಯವಳು ಸೆರಗು ಸಿಕ್ಕಿಸಿ, ಬಗ್ಗಿ, ಒಂದೇ ಉಸಿರಿಗೆ ಕಲ್ಲನ್ನು ಎತ್ತಿ ತಂದು ಚಾಪೆಯ ಮೇಲೆ, ತೂಗುಮಂಚದ ಪಕ್ಕದಲ್ಲಿ ಇಟ್ಟಳು. ಕುಡಿ ನೆಟ್ಟಗೆ ಎದ್ದು ನಿಂತಿತು.

ಕಲ್ಲುಗಳು ಬಿದ್ದವು. ಹಂಡೆಯದು ಬಿತ್ತು, ತಗಡಿನದು ಬಿತ್ತು, ತೂಗುಮಂಚದ್ದು ನೆಲ ನಡುಗುವಂತೆ ಬಿತ್ತು. ಬೆಳ್ಳಿ ದೀಪಕ್ಕೆಂದು ಕಟ್ಟಿಸಿಕೊಂಡದ್ದು ಮಾತ್ರ ವಕೀಲ ಹೇಳಿದಂತೆ ಉಳಿಯಿತು. ಧಣಿಗಳು ಸಾಮಾನು ಹಂಚಿಕೊಂಡು ಹಾರೆಗಳನ್ನು ಹೆಗಲಿಗೇರಿಸಿ ಹೋದರು. ಕಪ್ಪು ದಾರದ ಕಲ್ಲನ್ನು ಬುಟ್ಟಿಯವಳೇ ಹೊಂಡದವರೆಗೆ ಹೊತ್ತಳು, ಕೊಡೆಯವಳು ಹಿಂದೆ ನಡೆದಳು. ದಂಡೆಯಲ್ಲಿ ಇಬ್ಬರೂ ಸೇರಿ ಅದನ್ನು ಉರುಳಿಸಿದರು. "ಕಟ್ಟಿದ್ದೆ," ಎಂದಳು ಕೊಡೆಯವಳು. ಸ್ವಲ್ಪ ಹೊತ್ತು ನೀರನ್ನು ನೋಡಿ, "ಬಿಟ್ಟೆ," ಎಂದಳು.

ಮಳೆಗಾಲ ಬಂತು. ಕೊಡೆಗಳು ಖರ್ಚಾದವು. ಉಳಿದ ಆ ಒಂದು ಕಲ್ಲನ್ನೂ ಅವಳು ತೀರಿಸಿ ಬಿಚ್ಚಿಸಿಕೊಂಡಳು. ಎರಡು ಬಾಗಿಲುಗಳ ಮೇಲೂ ಕರೆ ಹಾಗೇ ಇತ್ತು. ಸಾಲ ಕೊಡುವವರು ಆ ಎರಡು ಮನೆಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಒಂದು ಸಂಜೆ ಬುಟ್ಟಿಯವಳು ಬಟ್ಟಲು ಹಿಡಿದು ಬಂದಳು. "ಅಕ್ಕಾ, ಹಾಲು ಕಾಸಿಟ್ಟಿದೀನಿ, ಹೆಪ್ಪಿಗೆ ಮೊಸರಿಲ್ಲ. ಒಂದು ಚಮಚ ಕೊಡ್ತೀಯಾ?" ಕೊಡೆಯವಳು ಕೊಟ್ಟಳು. ಕೊಟ್ಟ ಕೈ ಅಭ್ಯಾಸಬಲದಿಂದ ಗೂಡಿನಲ್ಲಿದ್ದ ಕಪ್ಪು ದಾರದ ಉಂಡೆಯ ಕಡೆ ಹೋಯಿತು. ಬುಟ್ಟಿಯವಳು ನೋಡಿದಳು, ಸೊಂಟ ತಿರುಗಿಸಿ ನಿಂತಳು, ಕಟ್ಟುವುದಾದರೆ ಕಟ್ಟು ಎಂಬಂತೆ.

"ಥೂ ಹೋಗೇ," ಎಂದಳು ಕೊಡೆಯವಳು. "ಹೆಪ್ಪಿಗೆ ಯಾರಾದ್ರೂ ಕಲ್ಲು ಕಟ್ತಾರಾ?"

ಮರುದಿನ ಬೆಳಿಗ್ಗೆ ಬುಟ್ಟಿಯವಳು ಮೊಸರಿನ ಪಾತ್ರೆಯನ್ನೇ ತಂದು ತೋರಿಸಿದಳು. ಬಗ್ಗಿಸಿದರೂ ಅಲುಗದಷ್ಟು ಗಟ್ಟಿ, ಮೇಲೆ ಬೆರಳು ದಪ್ಪದ ಕೆನೆ. ಅದೇ ಹೆಪ್ಪು ಹಾಕಿದ ಕೊಡೆಯವಳ ಮೊಸರು ನೀರುನೀರಾಗಿತ್ತು. ಅವಳಿಗೆ ಒಳಗೆ ಚುರ್ರೆಂದಿತು. ಹಳೆಯದೇ ಉರಿ, ಹಳೆಯದೇ ಜಾಗ. ಅವಳು ಗಾಬರಿಯಾಗಿ ಸೊಂಟ ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

"ಚೆನ್ನಾಗಿದೆ ಕಣೇ," ಎಂದಳು ಕಷ್ಟಪಟ್ಟು. "ನಂಗೂ ಒಂದು ಬಟ್ಟಲು ಕೊಡು."